ಹಳೆ ಪುಸ್ತಕಗಳ ರಾಶಿಯಲ್ಲಿ ಕನ್ನಡ ಇದೆ, ಕಾಣುವಂತಿಲ್ಲ

ಮಾನ್ಯ ಸಂಪಾದಕರೇ,

ಕಲ್ಯಾಣಮಂಟಪ, ಮೈದಾನದ ಶಾಮಿಯಾನ, ಮಾಲ್‌ನ ನೆಲಮಹಡಿ, ಜಾಗ ಸಿಕ್ಕಲ್ಲೆಲ್ಲ ಈಗ ಹಳೆ ಪುಸ್ತಕಗಳ ದೊಡ್ಡ ಮಾರಾಟ ನಡೆಯುತ್ತಿದೆ. ಕೆಲವೆಡೆ ಕಿಲೋ ಲೆಕ್ಕ, ಕೆಲವೆಡೆ ಪೆಟ್ಟಿಗೆಯ ಲೆಕ್ಕ: ತುಂಬಿದಷ್ಟು ತುಂಬಿಕೊಳ್ಳಿ, ಪೆಟ್ಟಿಗೆಗೆ ಇಷ್ಟು ಕೊಡಿ. ಅಲ್ಲಿಗೆ ಹೋಗಿ ಬರಿಗೈಲಿ ಬಂದ ಕನ್ನಡ ಓದುಗರು ಹೇಳುವುದು ಒಂದೇ ಮಾತು: ‘ಬರೀ ಇಂಗ್ಲಿಷ್ ಕಾದಂಬರಿ, ಕನ್ನಡದ್ದು ಏನೂ ಇಲ್ಲ.’ ಈ ಮಾತು ಅರ್ಧ ನಿಜ. ಕನ್ನಡ ಪುಸ್ತಕ ಅಲ್ಲಿಗೂ ಬಂದಿರುತ್ತದೆ, ಕೆಲವೊಮ್ಮೆ ಬೇರೆಲ್ಲೂ ಸಿಗದಂಥದ್ದೇ ಬಂದಿರುತ್ತದೆ. ಅದನ್ನು ಕಣ್ಣಿಗೆ ಬೀಳುವ ಹಾಗೆ ಇಟ್ಟಿರುವುದಿಲ್ಲ, ಅಷ್ಟೆ. ಓದುಗರು ಹುಡುಕುವ ಕ್ರಮ ಕಲಿಯಬೇಕು, ಮಾರುವವರು ಇಡುವ ಕ್ರಮ ಬದಲಿಸಬೇಕು. ಎರಡನ್ನೂ ಕುರಿತು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತೆಂದು ಬೇಸರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಈ ಪುಸ್ತಕಗಳು ಎಲ್ಲಿಂದ ಬರುತ್ತವೆ ಎಂಬುದು ಗೊತ್ತಿರಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಬಹುಪಾಲು ಬ್ರಿಟನ್, ಅಮೆರಿಕದಲ್ಲಿ ಉಳಿಕೆಯಾದವು ಅಥವಾ ಓದಿ ಬಿಟ್ಟವು. ಅವು ಸಗಟು ಲೆಕ್ಕದಲ್ಲಿ ಕಂಟೇನರ್‌ಗಳಲ್ಲಿ ಬರುತ್ತವೆ. ಕೆಳಗಿನ ಅಂಚಿನಲ್ಲಿ ಕಪ್ಪು ಮಾರ್ಕರ್‌ನ ಗೆರೆಯೋ ಚುಕ್ಕೆಯೋ ಇದ್ದರೆ ಅದು ಪ್ರಕಾಶಕರು ಉಳಿಕೆ ಎಂದು ವಿಲೇವಾರಿ ಮಾಡಿದ ಪ್ರತಿ, ಬಹುತೇಕ ಯಾರೂ ಓದಿರದ್ದು. ಒಂದೇ ಪುಸ್ತಕದ ನೂರು ಪ್ರತಿ ಬಂದರೂ ಆಶ್ಚರ್ಯವಿಲ್ಲ. ಕನ್ನಡ ಪುಸ್ತಕದ ದಾರಿಯೇ ಬೇರೆ. ಮನೆ ಖಾಲಿ ಮಾಡುವಾಗ, ಮನೆಯ ಹಿರಿಯರು ತೀರಿಕೊಂಡ ಮೇಲೆ, ಕಪಾಟಿನಲ್ಲಿದ್ದುದೆಲ್ಲ ಹಳೆ ಪೇಪರಿನ ಜೊತೆ ಗುಜರಿಗೆ ಹೋಗುತ್ತದೆ. ಅಲ್ಲಿಂದ ಕೈ ಬದಲಾಗುತ್ತ ಇಲ್ಲಿಗೆ ಬರುತ್ತದೆ. ಮುಚ್ಚಿದ ವಾಚನಾಲಯ, ಪ್ರಕಾಶಕರ ಗೋದಾಮು ಇನ್ನೆರಡು ಮೂಲ. ಹಾಗಾಗಿ ಕನ್ನಡದ್ದು ಬರುವುದು ಒಂದೊಂದೇ ಪ್ರತಿ. ನಮ್ಮಲ್ಲಿ ಬಹಳಷ್ಟು ಪುಸ್ತಕಗಳ ಎರಡನೇ ಪುಟದಲ್ಲಿ ‘ಪ್ರತಿಗಳು: 1000’ ಎಂದಿರುತ್ತದೆ. ಆ ಸಾವಿರದಲ್ಲಿ ಗೆದ್ದಲಿಗೆ, ಮಳೆಗೆ, ಗುಜರಿಗೆ ಹೋಗಿ ಉಳಿದದ್ದು ಈ ಮೇಜಿನ ಮೇಲಿದೆ. ಇಂದು ಬಿಟ್ಟರೆ ಮುಂದಿನ ವರ್ಷ ಅದೇ ಪುಸ್ತಕ ಸಿಗುತ್ತದೆ ಎಂಬ ಭರವಸೆ ಇಂಗ್ಲಿಷ್ ಕಾದಂಬರಿಗೆ ಸಲ್ಲುತ್ತದೆ, ಇದಕ್ಕಲ್ಲ.

ಇನ್ನೊಂದು ಅನುಕೂಲ ಕನ್ನಡ ಓದುಗರಿಗೆ ಗೊತ್ತೇ ಇಲ್ಲ. ಇಂಥ ಮಾರಾಟಕ್ಕೆ ಮೊದಲ ದಿನ ಬಾಗಿಲು ತೆರೆಯುತ್ತಲೇ ನುಗ್ಗುವವರು ಮರುಮಾರಾಟದ ವ್ಯಾಪಾರಿಗಳು. ಮೊಬೈಲ್ ಹಿಡಿದು ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾರೆ, ಆನ್‌ಲೈನಿನಲ್ಲಿ ಬೆಲೆ ನೋಡುತ್ತಾರೆ, ಲಾಭವಿದ್ದರೆ ಎತ್ತಿಕೊಳ್ಳುತ್ತಾರೆ. ಹಳೆಯ ಕನ್ನಡ ಪುಸ್ತಕಕ್ಕೆ ಬಾರ್‌ಕೋಡ್ ಇಲ್ಲ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಕೂಡ ಇಲ್ಲ. ಅವರ ಯಂತ್ರಕ್ಕೆ ಅದು ಪುಸ್ತಕವೇ ಅಲ್ಲ. ಪ್ರಕಾಶಕರ ಹೆಸರು, ಲೇಖಕರ ಹೆಸರು ನೋಡಿ ಬೆಲೆ ಅರಿಯಬಲ್ಲ ಓದುಗನಿಗೆ ಮಾತ್ರ ಅದು ಕಾಣುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಾಗಲ್ಲ. ಅಲ್ಲಿನ ಹಳೆ ವ್ಯಾಪಾರಿಗಳಿಗೆ ಯಾವ ಪುಸ್ತಕ ಯಾರಿಗೆ ಬೇಕೆಂಬುದು ಕರಾರುವಾಕ್ಕಾಗಿ ಗೊತ್ತು, ನಮ್ಮ ಮುಖ ನೋಡಿಯೇ ಬೆಲೆ ಹೇಳುತ್ತಾರೆ. ದೊಡ್ಡ ಹಾಲ್‌ನ ಮಾರಾಟದಲ್ಲಿ ಮೇಜಿನ ಬಳಿ ನಿಂತ ಹುಡುಗರಿಗೆ ಎಲ್ಲವೂ ತೂಕ.

ಸರಿ, ಎಲ್ಲಿ ಹುಡುಕಬೇಕು? ‘ಪ್ರಾದೇಶಿಕ’ ಎಂಬ ಫಲಕವಿದ್ದರೆ ಅಲ್ಲಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಜೋಡಿಸುವವರಿಗೆ ಕನ್ನಡ ಬಾರದಿದ್ದರೆ ಕನ್ನಡವೂ ತೆಲುಗೂ ಒಂದೇ ರಾಶಿಗೆ ಬೀಳುತ್ತವೆ. ತೆಲುಗು ರಾಶಿಯನ್ನು ಕೆದಕದೆ ಬರಬಾರದು. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ತುಳು, ಕೊಂಕಣಿ ಪುಸ್ತಕಗಳೂ ಅಲ್ಲೇ ಇರುತ್ತವೆ. ಧಾರ್ಮಿಕ ಪುಸ್ತಕಗಳ ಮೇಜಿನಲ್ಲಿ ವಚನ, ದಾಸಸಾಹಿತ್ಯ, ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳು ಸಿಕ್ಕಿಬೀಳುತ್ತವೆ, ಏಕೆಂದರೆ ಮುಖಪುಟದಲ್ಲಿ ದೇವರದೋ ಶರಣರದೋ ಚಿತ್ರವಿದ್ದರೆ ಸಾಕು, ಅದು ಪೂಜೆಯ ಪುಸ್ತಕವೆಂದು ಲೆಕ್ಕ. ಪಠ್ಯಪುಸ್ತಕ, ಗೈಡುಗಳ ರಾಶಿಯಲ್ಲಿ ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪ್ರಕಟಣೆಗಳು ಅಡಗಿರುತ್ತವೆ. ಇಂಗ್ಲಿಷಿನ ಪ್ರವಾಸ, ಇತಿಹಾಸದ ಮೇಜಿನಲ್ಲಿ ಒಂದೊಂದು ಜಿಲ್ಲೆಯ ಪೂರ್ತಿ ವಿವರವಿರುವ ಸರ್ಕಾರಿ ಗ್ರಂಥಗಳಾದ ಜಿಲ್ಲಾ ಗೆಜೆಟಿಯರ್‌ಗಳನ್ನು ನೋಡಬೇಕು, ಸಿ. ಹಯವದನರಾಯರು ಸಂಪಾದಿಸಿದ 1927–30ರ ಮೈಸೂರು ಗೆಜೆಟಿಯರ್‌ನ ಬಿಡಿ ಸಂಪುಟ ಕಂಡರೆ ಭಾಷೆ ಇಂಗ್ಲಿಷ್ ಎಂದು ಬಿಡಬಾರದು.

ಪುಸ್ತಕದ ಬೆನ್ನಿನ ಮೇಲಿನ ಹೆಸರು ನೋಡಿ ಹುಡುಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕನ್ನಡದ ಎಷ್ಟೋ ಒಳ್ಳೆಯ ಪ್ರಕಟಣೆಗಳಿಗೆ ಬೆನ್ನೇ ಇಲ್ಲ: ಮೈಸೂರು ವಿಶ್ವವಿದ್ಯಾಲಯದ ಪ್ರಚಾರ ಪುಸ್ತಕಮಾಲೆ, ರಾಷ್ಟ್ರೋತ್ಥಾನದ ಭಾರತ-ಭಾರತಿ ಪುಸ್ತಕ ಸಂಪದದ ಕಿರುಹೊತ್ತಗೆಗಳು, ಧಾರವಾಡದ ‘ಸಂಕ್ರಮಣ’ದಂಥ ಸಾಹಿತ್ಯ ಪತ್ರಿಕೆಯ ಸಂಚಿಕೆಗಳು. ಇವೆಲ್ಲ ಎರಡು ಪಿನ್ನು ಹೊಡೆದ ತೆಳು ಪುಸ್ತಕಗಳು; ದಪ್ಪ ಪುಸ್ತಕಗಳ ನಡುವೆ ಜಾರಿ ಪೆಟ್ಟಿಗೆಯ ತಳ ಸೇರುತ್ತವೆ. ಸಾಲನ್ನು ಎಡಗೈಯಲ್ಲಿ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಲಗೈ ಬೆರಳುಗಳಿಂದ ಮೇಲಂಚನ್ನು ಒಂದೊಂದಾಗಿ ಸರಿಸುತ್ತ ಹೋದರೆ ಮಾತ್ರ ಅವು ಸಿಗುತ್ತವೆ. ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗಳನ್ನು ಕೇಳಿಯೇ ತೆರೆಯಿರಿ, ‘ನೋಡಬಹುದಾ?’ ಎಂದರೆ ಬೇಡ ಎನ್ನುವವರು ಕಡಿಮೆ.

ನನ್ನ ಮಟ್ಟಿಗೆ, ಹಳೆ ರಾಶಿಯಲ್ಲಿ ಮೊದಲು ಕೈಹಾಕಬೇಕಾದದ್ದು ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥ, ಸಮ್ಮೇಳನಗಳ ಸ್ಮರಣ ಸಂಚಿಕೆಗಳಿಗೆ. ಹೆಸರು ಕೇಳಿ ಎಲ್ಲರೂ ಪಕ್ಕಕ್ಕಿಡುತ್ತಾರೆ. ಮೊದಲ ಐವತ್ತು ಪುಟ ಹೊಗಳಿಕೆ ಇರಬಹುದು, ನಿಜ. ಆಮೇಲೆ ಬರುವ ಲೇಖನಗಳನ್ನು ಅಂದಿನ ದೊಡ್ಡ ವಿದ್ವಾಂಸರೇ ಬರೆದಿರುತ್ತಾರೆ: ಶಾಸನ, ಛಂದಸ್ಸು, ಊರಿನ ಇತಿಹಾಸ, ಯಕ್ಷಗಾನ, ಕೃಷಿ. ಇವು ಮರುಮುದ್ರಣವಾಗುವುದು ತೀರಾ ಅಪರೂಪ. ಅಂಗಡಿಯಲ್ಲಿ ಸಿಗದ, ಗ್ರಂಥಾಲಯದಲ್ಲೂ ಎಲ್ಲಿದೆಯೆಂದು ತಿಳಿಯದ ಬರಹ ಇಲ್ಲಿ ಇಡಿಯಾಗಿ ಸಿಗುತ್ತದೆ. ಹಾಗೆಯೇ ಸೋವಿಯತ್ ಕಾಲದಲ್ಲಿ ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳು ಕನ್ನಡದಲ್ಲೇ ಅಚ್ಚು ಹಾಕಿದ ಪುಸ್ತಕಗಳು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಅವು ಬರುವುದು ನಿಂತಿತು. ಮಕ್ಕಳ ಪುಸ್ತಕವಾಗಿದ್ದರೆ ಬಣ್ಣದ ಪೆನ್ಸಿಲಿನ ಗೀಟು ಇದ್ದೇ ಇರುತ್ತದೆ, ಅದಕ್ಕಾಗಿ ಬಿಡಬೇಡಿ.

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ನಿಮಗೆ ಏನು ಬೇಕೆಂಬುದರ ಮೇಲಿದೆ. ಸಂಪುಟಗಳ ಪೂರ್ತಿ ಸೆಟ್ ಬೇಕಿದ್ದರೆ ಮೊದಲ ದಿನ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಸೆಟ್ ಒಡೆದು ನಾಲ್ಕು ಮೇಜಿಗೆ ಹಂಚಿಹೋಗಿರುತ್ತದೆ. ತೆಳು ಪುಸ್ತಕ, ಪತ್ರಿಕೆಗಳಿಗೆ ಕೊನೆಯ ದಿನವೇ ಒಳ್ಳೆಯದು: ಮೇಲಿನದು ಖಾಲಿಯಾಗಿ ತಳದ್ದು ಮೇಲೆ ಬಂದಿರುತ್ತದೆ, ದರವನ್ನೂ ಇಳಿಸಿರುತ್ತಾರೆ. ನಡುವಿನ ದಿನಗಳಲ್ಲಿ ಹೊಸ ಸ್ಟಾಕ್ ಯಾವ ಹೊತ್ತಿಗೆ ಹಾಕುತ್ತೀರಿ ಎಂದು ಕೇಳಿಕೊಳ್ಳಿ. ಭಾನುವಾರ ಸಂಜೆ ಹೋಗುವುದರಲ್ಲಿ ಅರ್ಥವಿಲ್ಲ, ಮೇಜಿನ ಹತ್ತಿರ ನಿಲ್ಲುವುದೇ ಕಷ್ಟ.

ಕೈಗೆ ಬಂದ ಪುಸ್ತಕವನ್ನು ನೋಡುವ ರೀತಿ ಹೀಗಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲು ಕೊನೆಯ ಪುಟ ತೆರೆಯಿರಿ. ಹಳೆ ಪುಸ್ತಕ ಹರಿಯುವುದು ಎರಡು ತುದಿಗಳಲ್ಲಿ. ಮುಂಬದಿಯ ಪುಟ ಹೋದರೆ ಅರಿಕೆಯೋ ಮುನ್ನುಡಿಯೋ ಹೋಗುತ್ತದೆ, ಕೊನೆಯದು ಹೋದರೆ ಕಥೆಯ ಅಂತ್ಯವೇ ಇಲ್ಲ. ಪರಿವಿಡಿಯಲ್ಲಿ ಕೊನೆಗೆ ಏನಿದೆ ಎಂದು ನೋಡಿ, ಅನುಬಂಧ, ಪದಸೂಚಿ ಇದ್ದರೆ ಅವು ಇವೆಯೇ ಎಂದು ಹೋಲಿಸಿ. ಒಪ್ಪೋಲೆಯ (ಅಚ್ಚಿನ ತಪ್ಪುಗಳ ತಿದ್ದುಪಡಿಯ) ಬಿಡಿ ಚೀಟಿ ಒಳಗಿದ್ದರೆ ಅದನ್ನು ಜೋಪಾನವಾಗಿಡಿ. ಹಳಗನ್ನಡ ಕಾವ್ಯಗಳಲ್ಲಿ ಆ ಚೀಟಿಯಿಲ್ಲದೆ ಪಾಠ ಸರಿಹೋಗದು.

ಆಮೇಲೆ ಫಾರಂ ಲೆಕ್ಕ. ಪುಸ್ತಕ ಅಚ್ಚಾಗುವುದು ದೊಡ್ಡ ಹಾಳೆಯಲ್ಲಿ, ಒಂದು ಹಾಳೆಗೆ ಸಾಮಾನ್ಯವಾಗಿ 16 ಪುಟ. ಮಡಿಸಿದ ಆ ಹಾಳೆಯೇ ಒಂದು ಫಾರಂ. ಹಳೆ ಪುಸ್ತಕದಲ್ಲಿ 17, 33, 49, 65ನೇ ಪುಟಗಳ ಅಡಿಯಲ್ಲಿ ಮೂಲೆಯಲ್ಲಿ 2, 3, 4, 5 ಎಂದು ಸಣ್ಣ ಅಂಕಿ ಇರುವುದನ್ನು ನೋಡಿರಬಹುದು. ಅದು ಫಾರಂ ಸಂಖ್ಯೆ. ಬೈಂಡ್ ಮಾಡುವವರು ಮಡಿಸಿದ ಫಾರಂಗಳ ಗುಡ್ಡೆಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿ ಪುಸ್ತಕ ಕೂಡಿಸುತ್ತಾರೆ. ಆ ಅವಸರದಲ್ಲಿ ಒಂದು ಗುಡ್ಡೆಯಿಂದ ಎರಡು ಎತ್ತಿ ಮುಂದಿನದನ್ನು ಬಿಟ್ಟರೆ 48ನೇ ಪುಟ ಆದ ಮೇಲೆ ಮತ್ತೆ 33 ಬರುತ್ತದೆ, 49ರಿಂದ 64ರವರೆಗೆ ಮಾಯ. ಪುಸ್ತಕದ ದಪ್ಪ ಸರಿಯಾಗಿಯೇ ಇರುತ್ತದೆ, ಹಾಗಾಗಿ ಹೊರಗಿನಿಂದ ತಿಳಿಯದು. ಎಲ್ಲ ಪುಟ ಎಣಿಸಬೇಕಿಲ್ಲ: 16ರಿಂದ 17ಕ್ಕೆ, 32ರಿಂದ 33ಕ್ಕೆ, 48ರಿಂದ 49ಕ್ಕೆ ದಾಟುವ ಜಾಗಗಳನ್ನಷ್ಟೇ ನೋಡಿದರೆ ಸಾಕು. ಕೆಲವು ಸಣ್ಣ ಪ್ರೆಸ್ಸುಗಳು 8 ಪುಟದ ಫಾರಂ ಹಾಕುತ್ತಿದ್ದವು, ಅಂಥದ್ದರಲ್ಲಿ ಎಂಟೆಂಟಕ್ಕೆ ನೋಡಿ. 250 ಪುಟದ ಪುಸ್ತಕಕ್ಕೆ ಇದು ಒಂದು ನಿಮಿಷದ ಕೆಲಸ.

ನಡುಪುಟ ತೆರೆದು ಹೊಲಿಗೆ ನೋಡಿ. ಫಾರಂನ ಮಡಿಕೆಯಲ್ಲಿ ದಾರ ಕಂಡರೆ ಪುಸ್ತಕ ಇನ್ನೂ ಬಹಳ ವರ್ಷ ಬಾಳುತ್ತದೆ. ಹೊದಿಕೆ ಕಿತ್ತಿದ್ದರೂ ಹೊಸ ಕ್ಯಾಲಿಕೋ (ಬಟ್ಟೆಯ) ಬೈಂಡ್ ಹಾಕಿಸಬಹುದು. ಬರೀ ಅಂಟು ಹಾಕಿದ್ದರೆ, ಅಂಟು ಒಣಗಿ ಒಡೆದು ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ಪಕ್ಕಕ್ಕೆ ತಂತಿಯ ಪಿನ್ನು ಹೊಡೆದಿದ್ದರೆ ತುಕ್ಕು ಹಿಡಿದು ಸುತ್ತಲಿನ ಕಾಗದ ಸುಟ್ಟಂತೆ ಕಂದಾಗಿರುತ್ತದೆ. ಮೂಲೆಯನ್ನು ಮೆಲ್ಲಗೆ ಬಾಗಿಸಿದಾಗ ಕಾಗದ ಬಾಗದೆ ಚಿಟ್ಟೆಂದರೆ ಅದು ಮರದ ತಿರುಳಿನ ಅಗ್ಗದ ಕಾಗದ, ಅದರೊಳಗಿನ ಆಮ್ಲವೇ ಅದನ್ನು ತಿಂದಿದೆ, ಓದುವಾಗ ಪುಡಿಯಾಗುತ್ತದೆ. ಬೇರೆಲ್ಲೂ ಸಿಗದ ಪುಸ್ತಕವಾದರೆ ಮಾತ್ರ ತಗೊಂಡು, ಮನೆಗೆ ಬಂದವರೇ ಪುಟಗಳ ಫೋಟೊ ತೆಗೆದಿಡಿ.

ಯಾವ ಕಾಲದ ಪುಸ್ತಕ ಎಂದು ತಿಳಿಯಲು ಮುದ್ರಣದ ವರ್ಷವನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ, ಎಷ್ಟೋ ಪುಸ್ತಕಗಳಲ್ಲಿ ಆ ಪುಟವೇ ಇರುವುದಿಲ್ಲ. ಬೆಲೆ ನೋಡಿ. ರೂಪಾಯಿ-ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ನಯೇ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ‘ಬೆಂಗಳೂರು-2’ ಎಂದು ಬರೀ ವಲಯದ ಅಂಕಿಯಿದ್ದು ಆರಂಕಿಯ ಪಿನ್‌ಕೋಡ್ ಇಲ್ಲದಿದ್ದರೆ ಅದು 1972ಕ್ಕಿಂತ ಹಿಂದಿನದಿರುವ ಸಾಧ್ಯತೆಯೇ ಹೆಚ್ಚು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಮೊದಲು. ಐಎಸ್‌ಬಿಎನ್ ಹತ್ತಂಕಿಯದಾದರೆ 2006 ಅಥವಾ ಅದಕ್ಕೂ ಮುಂಚೆ, ಹದಿಮೂರಂಕಿಯದಾದರೆ ಸಾಮಾನ್ಯವಾಗಿ 2007ರಿಂದ ಈಚೆ. ಮುನ್ನುಡಿಯ ಕೆಳಗೆ ಸಂವತ್ಸರದ ಹೆಸರಷ್ಟೇ ಇದ್ದರೆ ಅರವತ್ತು ವರ್ಷದ ಚಕ್ರ ನೆನಪಿಡಿ: ಪ್ಲವ ಎಂದರೆ 1961–62 ಆಗಬಹುದು, 1901–02 ಕೂಡ ಆಗಬಹುದು, ಕಾಗದ, ಬೆಲೆ ನೋಡಿದರೆ ಯಾವುದೆಂದು ತಿಳಿಯುತ್ತದೆ. ಪುಟದ ಹಿಂಬದಿಯಲ್ಲಿ ಬೆರಳಾಡಿಸಿದಾಗ ಅಕ್ಷರಗಳು ಉಬ್ಬಿ ತಾಗಿದರೆ ಅದು ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ್ದು, ಆಫ್‌ಸೆಟ್ ಬರುವುದಕ್ಕೆ ಮೊದಲಿನದು.

ವರ್ಷ ತಿಳಿದು ಏನಾಗಬೇಕು ಎಂದು ಕೇಳಬಹುದು. ಕಾದಂಬರಿ, ನಾಟಕಗಳು ಪಠ್ಯವಾದಾಗ ಸಂಕ್ಷಿಪ್ತ ಆವೃತ್ತಿಗಳು, ವಿದ್ಯಾರ್ಥಿ ಆವೃತ್ತಿಗಳು ಬಂದಿವೆ. ಮುಖಪುಟದಲ್ಲಿ ಆ ಮಾತು ಇರದೆ ಒಳಗೆ ಸಣ್ಣಕ್ಷರದಲ್ಲಿ ಇರುವುದುಂಟು. ಇಡೀ ಕೃತಿ ಬೇಕಾದವರು ಹಳೆ ಮುದ್ರಣವನ್ನೇ ಹುಡುಕಬೇಕು. ವಿಮರ್ಶೆ, ವ್ಯಾಕರಣ, ನಿಘಂಟಿನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಪರಿಷ್ಕೃತ ಮುದ್ರಣವೇ ಮೇಲು. ಮೊದಲ ಮುದ್ರಣ ಎಂಬ ಮೋಹಕ್ಕೆ ಹಳೆ ತಪ್ಪುಗಳನ್ನು ಕೊಂಡು ತರಬೇಡಿ.

ಸಂಪುಟಗಳ ವಿಷಯದಲ್ಲಿ ಒಟ್ಟು ಎಷ್ಟು ಸಂಪುಟ ಎಂಬುದು ಬಾಯಿಗೆ ಬರುವಂತಿರಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಇಪ್ಪತ್ತೈದು ವರ್ಷ ಬಿಡದೆ ಕೊಂಡವರ ಮನೆಯಲ್ಲಿ ಮಾತ್ರ ಎಂಟೂ ಒಟ್ಟಿಗೆ ಇರಲು ಸಾಧ್ಯ, ಹಾಗಾಗಿ ಬಿಡಿ ಸಂಪುಟಗಳೇ ಹೆಚ್ಚು ಕಾಣುತ್ತವೆ. ಮೈಸೂರು ವಿಶ್ವವಿದ್ಯಾಲಯದ ವಿಶ್ವಕೋಶ 14. ಈ ಎರಡೂ ಅಕಾರಾದಿಯಲ್ಲಿ ಸಾಗುವುದರಿಂದ ನಿಮ್ಮಲ್ಲಿ ಇಲ್ಲದ ಸಂಪುಟವಾದರೆ ಮಾತ್ರ ಬಿಡಿಯಾಗಿ ಕೊಳ್ಳುವುದು ಸರಿ. ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ 25 ಸಂಪುಟ, ‘ಜ್ಞಾನಗಂಗೋತ್ರಿ’ 7. ಇವುಗಳ ಮಾತು ಬೇರೆ: ಕಥಾಕೋಶದ ಒಂದೊಂದೂ ತನ್ನಷ್ಟಕ್ಕೆ ಪೂರ್ಣ, ಜ್ಞಾನಗಂಗೋತ್ರಿ ವಿಷಯವಾರು. ಒಂದೇ ಸಿಕ್ಕರೂ ಧೈರ್ಯವಾಗಿ ತಗೊಳ್ಳಿ. ಒಂದು ಸಂಪುಟ ಕಂಡ ಕೂಡಲೇ ಉಳಿದವನ್ನು ಇಡೀ ಹಾಲ್‌ನಲ್ಲಿ ಹುಡುಕಿ; ದೊಡ್ಡ ಅಳತೆಯ ಪುಸ್ತಕಗಳನ್ನು ಮೇಜು ಅಲುಗದಿರಲೆಂದು ತಳಕ್ಕೆ ಹಾಕಿರುತ್ತಾರೆ.

ಹುಳ, ಬೂಷ್ಟಿನ ಬಗ್ಗೆ ಎಚ್ಚರ ಬೇಕು, ಏಕೆಂದರೆ ಒಂದು ಪುಸ್ತಕ ಮನೆಯ ಕಪಾಟನ್ನೇ ಕೆಡಿಸಬಲ್ಲದು. ಹುಳದ ತೂತು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಎಷ್ಟೋ ತೂತು ನಲವತ್ತು ವರ್ಷ ಹಳೆಯವು. ಪುಸ್ತಕವನ್ನು ಮುಚ್ಚಿ, ಬೆನ್ನನ್ನು ಅಂಗೈಗೆ ಮೆಲ್ಲಗೆ ತಟ್ಟಿ. ನುಣ್ಣನೆಯ ತಿಳಿ ಪುಡಿ ಉದುರಿದರೆ ಹುಳ ಒಳಗೇ ಇದೆ. ಬೆನ್ನಿನಿಂದಲೇ ಅದು ಶುರುವಾಗುವುದಕ್ಕೆ ಕಾರಣ ಮೈದಾ ಅಂಟು. ಹಳೆ ಬೈಂಡರ್‌ಗಳು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದುದು ಇದಕ್ಕೇ. ಬೆರೆಸದ ಅಂಟು ಹುಳಕ್ಕೆ ಊಟ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಅದನ್ನು ಮುಟ್ಟದೆ ಮುಂದೆ ಹೋಗಿ. ಬೂಷ್ಟು ಒಣಗಿ ಪುಡಿಯಾಗಿದ್ದರೆ ಒರೆಸಿ ಉಳಿಸಿಕೊಳ್ಳಬಹುದು. ಬೆರಳಿಗೆ ತೇವವಾಗಿ ಬಳಿದುಕೊಂಡರೆ ಅದು ಇನ್ನೂ ಬೆಳೆಯುತ್ತಿದೆ, ಬಿಟ್ಟುಬಿಡಿ. ಆಸ್ತಮಾ ಇರುವವರು ಎನ್-95 ಮಾಸ್ಕ್ ಇಲ್ಲದೆ ಈ ರಾಶಿಗಳ ಹತ್ತಿರ ಹೋಗಲೇಬಾರದು.

ಗ್ರಂಥಾಲಯದ ಮೊಹರು ಇರುವ ಪುಸ್ತಕ ಕೊಳ್ಳಬಹುದೇ? ‘ವಜಾ ಮಾಡಲಾಗಿದೆ’ ಎಂದೋ ‘ರದ್ದು’ ಎಂದೋ ಎರಡನೇ ಮೊಹರು ಬಿದ್ದಿದ್ದರೆ ಧಾರಾಳವಾಗಿ. ಮುಚ್ಚಿಹೋದ ಸಂಘದ, ಖಾಸಗಿ ವಾಚನಾಲಯದ ಮೊಹರಾದರೂ ಅಡ್ಡಿಯಿಲ್ಲ. ಈಗಲೂ ನಡೆಯುತ್ತಿರುವ ಸಾರ್ವಜನಿಕ ಗ್ರಂಥಾಲಯದ ಮೊಹರಿದ್ದು ರದ್ದತಿಯ ಗುರುತು ಇಲ್ಲದಿದ್ದರೆ ಅದು ಯಾರೋ ವಾಪಸು ಕೊಡದ ಪುಸ್ತಕವಿರಬಹುದು. ಕೊಂಡವರು ಆ ಗ್ರಂಥಾಲಯಕ್ಕೆ ಫೋನು ಮಾಡಿ ತಿಳಿಸುವುದು ಧರ್ಮ. ನಕಲಿ ಮುದ್ರಣಗಳನ್ನಂತೂ ಮುಟ್ಟಬೇಡಿ. ಮಸುಕಾದ ಅಕ್ಷರ, ಓರೆಯಾದ ಅಂಚು, ಹಿಂಬದಿಯ ಐಎಸ್‌ಬಿಎನ್ ಒಳಗಿನದಕ್ಕೆ ಹೊಂದದಿರುವುದು ಅದರ ಗುರುತು.

ಇನ್ನು ದುಡ್ಡಿನ ಲೆಕ್ಕ. ಕಿಲೋ ಮಾರಾಟ ಕನ್ನಡ ಓದುಗನಿಗೆ ವರ. ಕ್ರೌನ್ 1/8 ಎಂಬ ಸಣ್ಣ ಅಳತೆಯ, ತೆಳು ಕಾಗದದ 200 ಪುಟದ ಹಳೆ ಕಾದಂಬರಿ ಹೆಚ್ಚೆಂದರೆ 140–150 ಗ್ರಾಂ ತೂಗುತ್ತದೆ. ಅದಕ್ಕಿಂತ ಸ್ವಲ್ಪ ದೊಡ್ಡದಾದ ಡೆಮಿ 1/8ರಲ್ಲಿ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಾಗದದ್ದಾದರೆ 225 ಗ್ರಾಂ ಆಸುಪಾಸು. ಅದೇ 200 ಪುಟ ಎ4 ಅಳತೆಯ ಆರ್ಟ್ ಪೇಪರಿನ ಚಿತ್ರಪುಸ್ತಕವಾದರೆ ರಟ್ಟೂ ಸೇರಿ ಒಂದು ಕಿಲೋ ಮೇಲಾಗುತ್ತದೆ. ಕಿಲೋಗೆ 200 ರೂಪಾಯಿ ಎಂದು ಹಿಡಿದರೆ ಮೊದಲನೆಯದು 30 ರೂಪಾಯಿ ಒಳಗೆ, ಎರಡನೆಯದು 45, ಮೂರನೆಯದು ಇನ್ನೂರು ದಾಟಿತು. ಪೆಟ್ಟಿಗೆ ಮಾರಾಟದಲ್ಲಿ ಲೆಕ್ಕ ತಿರುಗುತ್ತದೆ: ಅಲ್ಲಿ ತೂಕಕ್ಕೆ ಬೆಲೆಯಿಲ್ಲ, ಜಾಗಕ್ಕೆ ಬೆಲೆ. ಭಾರದ ನಿಘಂಟು, ಕಲೆಯ ಪುಸ್ತಕಗಳನ್ನು ಅಲ್ಲೇ ತಗೊಳ್ಳಬೇಕು. ದೊಡ್ಡವನ್ನು ತಳದಲ್ಲಿ ಮಲಗಿಸಿ, ಬದಿಯ ಸಂದಿಗೆ ಕ್ರೌನ್ ಅಳತೆಯವನ್ನು ಬೆನ್ನು ಕೆಳಗಾಗಿ ನಿಲ್ಲಿಸಿ, ತೆಳು ಪುಸ್ತಕಗಳನ್ನು ಕೊನೆಗೆ ಮೇಲೆ ಹರಡಿ. ಮುಚ್ಚಳ ಮಟ್ಟಸವಾಗಿ ಕೂರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ; ಅದಕ್ಕಾಗಿ ಪುಸ್ತಕಗಳನ್ನು ಒತ್ತಿ ತುರುಕಿದರೆ ಬೆನ್ನು ಮುರಿಯುತ್ತದೆ. ಬಿಲ್ಲಿನ ಸಾಲಿಗೆ ಹೋಗುವ ಮುಂಚೆ ಆರಿಸಿದ್ದನ್ನೆಲ್ಲ ಮತ್ತೊಮ್ಮೆ ನೋಡಿ. ಸಮಗ್ರ ಸಾಹಿತ್ಯ ಸಂಪುಟಗಳಲ್ಲಿ ಕೆಲವನ್ನು ಸರ್ಕಾರದ ಸಂಸ್ಥೆಗಳೇ ಹೊಸದಾಗಿ ಅಗ್ಗಕ್ಕೆ ಮಾರುತ್ತವೆ, ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ಅರ್ಧ ಬೆಲೆಗೇ ಕೊಡುತ್ತ ಬಂದಿದೆ. ಅಂಥದ್ದನ್ನು ಹಳೆಯದಾಗಿ ಕೊಳ್ಳುವ ಅಗತ್ಯವಿಲ್ಲ. ನೆಟ್‌ವರ್ಕ್ ಇಲ್ಲದೆ ಯುಪಿಐ ಕೈಕೊಡುವುದುಂಟು, ಸ್ವಲ್ಪ ನಗದು ಇರಲಿ.

ಮನೆಗೆ ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ. ಒಂದೆರಡು ವಾರ ಬೇರೆ ಕಡೆ, ನೆರಳಲ್ಲಿ, ಗಾಳಿಯಾಡುವಲ್ಲಿ ನಿಲ್ಲಿಸಿಡಿ. ಬಿಸಿಲಿಗೆ ಹಾಕಿದರೆ ಹುಳ ಸಾಯುವುದಕ್ಕಿಂತ ಮೊದಲು ಕಾಗದ ಹಳದಿಯಾಗಿ ರಟ್ಟು ಬಾಗುತ್ತದೆ. ಹುಳದ ಅನುಮಾನ ಇದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ನೀರು ಕೂತು ಬೂಷ್ಟಿಗೆ ದಾರಿಯಾಗುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವೇ ವರ್ಷದಲ್ಲಿ ಟೇಪು ಉದುರುತ್ತದೆ, ಕಂದು ಅಂಟು ಅಕ್ಷರದ ಮೇಲೆ ಉಳಿಯುತ್ತದೆ, ಅದನ್ನು ತೆಗೆಯುವ ಉಪಾಯ ಮನೆಯಲ್ಲಿ ಯಾರಿಗೂ ಇಲ್ಲ.

ಈಗ ಮಾರಾಟ ಏರ್ಪಡಿಸುವವರಿಗೆ ಒಂದು ಮಾತು. ಕನ್ನಡದ್ದು ಹೋಗುವುದಿಲ್ಲ ಎಂದು ನೀವು ಹೇಳುತ್ತೀರಿ. ಕಾಣದ್ದು ಹೋಗುವುದು ಹೇಗೆ? ಕನ್ನಡ ಓದಬಲ್ಲ ಒಬ್ಬರನ್ನು ಜೋಡಿಸುವ ಕೆಲಸಕ್ಕೆ ಇಡಿ. ಕಾದಂಬರಿ, ಕಾವ್ಯ-ನಾಟಕ, ಮಕ್ಕಳದು, ವಿದ್ವತ್ ಗ್ರಂಥ, ಪತ್ರಿಕೆಗಳು, ಇಷ್ಟು ವಿಂಗಡಣೆ ಸಾಕು, ಅರ್ಧ ದಿನದ ಕೆಲಸ. ಸಂಪುಟಗಳನ್ನು ದಾರ ಕಟ್ಟಿ ಒಟ್ಟಿಗೆ ಇಡಿ, ಆದರೆ ರಬ್ಬರ್ ಬ್ಯಾಂಡ್ ಬೇಡ, ಅದು ಅಂಚನ್ನು ಕತ್ತರಿಸಿ ಕರಗಿ ಅಂಟಿಕೊಳ್ಳುತ್ತದೆ. ಹಳೆ ಮುಖಪುಟಕ್ಕೆ ಬೆಲೆಯ ಸ್ಟಿಕ್ಕರ್ ಅಂಟಿಸಬೇಡಿ, ಕಿತ್ತರೆ ಚಿತ್ರವೇ ಕಿತ್ತುಬರುತ್ತದೆ; ಒಳಗೊಂದು ಚೀಟಿ ಇಟ್ಟರಾಯಿತು, ಇಲ್ಲವೇ ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಮಳೆಗಾಲದಲ್ಲಿ ನೆಲದ ಮೇಲೆ ಪುಸ್ತಕ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ, ಕೆಳಗೆ ಮರದ ಹಲಗೆಯಾದರೂ ಇರಲಿ.

ಎಲ್ಲಕ್ಕಿಂತ ಮುಖ್ಯ, ಕೊನೆಯ ಸಂಜೆ ಉಳಿದದ್ದರ ಗತಿ. ಮಾರಾಟವಾಗದ ಕನ್ನಡ ಪುಸ್ತಕ ಮತ್ತೆ ತೂಕಕ್ಕೆ ಹೋಗಿ ಕಾಗದದ ಕಾರ್ಖಾನೆಯಲ್ಲಿ ತಿರುಳಾಗುತ್ತದೆ. ಅದಕ್ಕೆ ಮೊದಲು ಒಂದು ಪೂರ್ತಿ ದಿನ ಅದನ್ನು ಆ ಊರಿನ ಕಾಲೇಜು ಗ್ರಂಥಪಾಲಕರಿಗೆ, ಸಂಶೋಧಕರಿಗೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳನ್ನು (ಗ್ರಂಥಾಲಯಗಳನ್ನು) ನಡೆಸುವವರಿಗೆ ರದ್ದಿಯ ಬೆಲೆಗೇ ಆರಿಸಿಕೊಳ್ಳಲು ಬಿಡಿ. ನಿಮಗೆ ಬರುವ ಹಣದಲ್ಲಿ ವ್ಯತ್ಯಾಸವಾಗದು. ಜಾಹೀರಾತಿನಲ್ಲಿ ಮಾರಾಟದ ದಿನಾಂಕದ ಜೊತೆಗೆ ಆ ದಿನವನ್ನೂ ಒಂದು ಸಾಲಿನಲ್ಲಿ ಅಚ್ಚು ಹಾಕಿಸಿ. ಪತ್ರಿಕೆಗಳೂ ‘ಇಂದಿನ ಕಾರ್ಯಕ್ರಮ’ದ ಅಂಕಣದಲ್ಲಿ ಅದಕ್ಕೆ ಜಾಗ ಕೊಡಬೇಕೆಂದು ತಮ್ಮಲ್ಲಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು